ನೇರ ಪೈಪಿನ ಹುಲ್ಲು ಮಷೀನೋ, ಬಾಗಿದ ಪೈಪಿನದೋ?

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ 40x60 ಸೈಟಿನಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಲಿಂಬಿ, ಕರಿಬೇವು, ದಾಳಿಂಬೆ, ಮಲ್ಲಿಗೆ ಇವೆ. ಕಂಪೌಂಡಿನ ಗುಂಟ ಫರಸಿ ಹಾಕಿಸಿದ್ದೇವೆ, ಅದರ ಸಂದಿಯಲ್ಲೆಲ್ಲ ಕರಕಿ. ಪಕ್ಕದ ಸೈಟು ಖಾಲಿ. ಮಳೆ ಬಿದ್ದರೆ ಅಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆಯುತ್ತದೆ. ಮಾಲೀಕರು ದೂರದ ಊರಲ್ಲಿದ್ದಾರೆ, ಫೋನ್ ಮಾಡಿದಾಗ 'ನೀವೇ ಕಡಿಸಿಬಿಡಿ' ಅಂದಿದ್ದಾರೆ. ಹುಲ್ಲು ಕತ್ತರಿಸುವ ಮಷೀನ್ ತಗೋಬೇಕು ಅಂತ ಅಂಗಡಿಗೆ ಹೋದರೆ 'ಹೆಣ್ಣುಮಕ್ಕಳಿಗೆ ಬಾಗಿದ ಪೈಪಿನದೇ ಸಾಕು, ಹಗುರ' ಅಂದರು. ನನ್ನ ತಮ್ಮ 'ನೇರ ಪೈಪಿಂದೇ ತಗೋ, ಅದೂ 52 ಸಿಸಿದು' ಅಂತಾನೆ. ಮನೆಯವರು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾರೆ, ವಾರಕ್ಕೊಮ್ಮೆ ಬರ್ತಾರೆ. ಹೆಚ್ಚಾಗಿ ನಾನೇ ಓಡಿಸಬೇಕು. ನನ್ನ ಎತ್ತರ 5 ಅಡಿ 2 ಇಂಚು, ಅವರದು 5 ಅಡಿ 10. ಯಾವುದು ತಗೊಳ್ಳಲಿ ಸರ್? ಪಕ್ಕದ ಸೈಟಿನಲ್ಲಿ ಎರಡು-ಮೂರು ಜಾಲಿ ಗಿಡಾನೂ ಎದ್ದಿವೆ. ಅವನ್ನೂ ಇದರಲ್ಲೇ ತೆಗೆಯಬಹುದಾ?

ಉತ್ತರ: ಅಕ್ಕಾರೇ, ನಿಮಗೆ ನೇರ ಪೈಪಿನದೇ ಸರಿ. ಆದರೆ ತಮ್ಮ ಹೇಳಿದ 52 ಸಿಸಿ ಬೇಡ. 25 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ ಎಂಜಿನ್, ಪೈಪಿನ ಮೇಲೆ ಬಳೆಯಂಥ ರಿಂಗ್ ಹ್ಯಾಂಡಲ್, ಹೆಗಲಿಗೆ ಬೆಲ್ಟ್, ನೈಲಾನ್ ದಾರ ತಿರುಗಿಸಿ ಹುಲ್ಲು ಕತ್ತರಿಸುವ ಹೆಡ್, ಇಷ್ಟಿದ್ದರೆ ಸಾಕು. 'ಹೆಣ್ಣುಮಕ್ಕಳಿಗೆ ಬಾಗಿದ್ದು' ಅನ್ನೋ ಮಾತನ್ನ ಅಲ್ಲೇ ಅಂಗಡಿಯಲ್ಲೇ ಬಿಟ್ಟುಬಿಡಿ. ಏನು ಬೆಳೆದಿದೆ, ಎಲ್ಲಿ ಬೆಳೆದಿದೆ, ಓಡಿಸುವವರ ಎತ್ತರ ಎಷ್ಟು, ಇವನ್ನು ನೋಡಿ ಮಷೀನ್ ಆರಿಸಬೇಕು. ಓಡಿಸುವವರು ಹೆಣ್ಣೋ ಗಂಡೋ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ.

ಈ ಎರಡು ಪೈಪುಗಳಿಗೆ ಒಳಗೆ ಇರುವ ವ್ಯತ್ಯಾಸ ಮೊದಲು ತಿಳ್ಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಪೆಟ್ರೋಲ್ ಮಷೀನಿನಲ್ಲಿ ಎಂಜಿನ್ ಮೇಲಿರುತ್ತದೆ, ಕತ್ತರಿಸುವ ಹೆಡ್ ಕೆಳಗಿರುತ್ತದೆ. ಎಂಜಿನ್ ತಿರುಗುವುದನ್ನ ಪೈಪಿನೊಳಗಿಂದ ಕೆಳಗಿನ ತನಕ ಒಯ್ಯಬೇಕು. ಬಾಗಿದ ಪೈಪಿನಲ್ಲಿ ಗಟ್ಟಿ ರಾಡ್ ಹಾಕೋಕೆ ಆಗಲ್ಲ, ಪೈಪಿನ ಜೊತೆ ಅದೂ ಬಾಗಬೇಕಲ್ವಾ. ಅದಕ್ಕೆ ಅದರೊಳಗೆ ಉಕ್ಕಿನ ಎಳೆಗಳನ್ನ ಹೊಸೆದ ಕೇಬಲ್ ಇರುತ್ತದೆ. ಹಳೇ ಬೈಕುಗಳ ಸ್ಪೀಡೋಮೀಟರ್ ಕೇಬಲ್ ಇತ್ತಲ್ಲ, ಅದರ ದಪ್ಪನೆಯ ಅಣ್ಣ ಅಂದುಕೊಳ್ಳಿ. ಪೈಪು ಬಾಗಿ ನೆಲದ ಕಡೆ ಮುಖ ಮಾಡಿರುವುದರಿಂದ ಕೆಳಗೆ ಗೇರ್ ಬೇಕಿಲ್ಲ. ಹೆಡ್ ಸೀದಾ ಕೇಬಲ್ಲಿಗೇ ಕೂಡುತ್ತದೆ. ಭಾಗಗಳು ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ.

ನೇರ ಪೈಪಿನಲ್ಲಿ ಸಾಮಾನ್ಯವಾಗಿ ಗಟ್ಟಿ ಉಕ್ಕಿನ ರಾಡ್ ಇರುತ್ತದೆ. ಅದು ಬುಷ್‌ಗಳ ಮೇಲೆ ತಿರುಗುತ್ತದೆ. ಕೆಳತುದಿಯಲ್ಲಿ ಮುಷ್ಟಿ ಗಾತ್ರದ ಒಂದು ಗೇರ್ ಬಾಕ್ಸ್. ಅದರೊಳಗೆ ಎರಡು ಬೆವೆಲ್ ಗೇರ್ ಒಂದಕ್ಕೊಂದು ಹಲ್ಲು ಕೊಟ್ಟು ಕೂತಿರುತ್ತವೆ, ತಿರುಗುವ ದಿಕ್ಕನ್ನ ನೆಲದ ಕಡೆ ಹೊರಳಿಸುತ್ತವೆ. ಭಾಗಗಳು ಜಾಸ್ತಿ, ತೂಕವೂ ಜಾಸ್ತಿ. ಅದಕ್ಕೆ ಬದಲಾಗಿ ಸಿಗೋದು ಬಲ. ಕಾಂಗ್ರೆಸ್ಸಿನಂಥ ಕಟ್ಟಿಗೆಯಾದ ಕಾಂಡಕ್ಕೆ ದಾರ ತಗುಲಿ ಹೆಡ್ ಒಂದು ಗಳಿಗೆ ತಡೆದರೆ ರಾಡಿಗೆ ಏನೂ ಆಗೋದಿಲ್ಲ. ಕೇಬಲ್ ಹಾಗಲ್ಲ. ಅದು ತನ್ನಲ್ಲೇ ಹೊಸೆದುಕೊಂಡು ಬಿಗಿಯುತ್ತದೆ, ಬಾಗಿದ ಜಾಗದಲ್ಲಿ ಒಳಗಿನ ಲೈನರಿಗೆ ಉಜ್ಜಿ ಬಿಸಿಯಾಗುತ್ತದೆ. ವರ್ಷಗಟ್ಟಲೆ ಇದೇ ನಡೆದರೆ ಒಂದೊಂದೇ ಎಳೆ ಕಡಿದು ಕೊನೆಗೆ ತುಂಡಾಗುತ್ತದೆ. ಬರೀ ಹುಲ್ಲು ಕತ್ತರಿಸಿದ ಕೇಬಲ್ ಎಷ್ಟೋ ವರ್ಷ ಬಾಳುತ್ತದೆ. ಖಾಲಿ ಸೈಟು ಕಡಿದ ಕೇಬಲ್ ಅಷ್ಟು ಬಾಳುವುದಿಲ್ಲ.

ಈಗ ನಿಮ್ಮ ಜಾಗಕ್ಕೆ ಬರೋಣ. ನೀವು ಕೇಳಿದ್ದು ಒಂದು ಮಷೀನ್ ಆದರೂ ಕೆಲಸ ಎರಡಿವೆ. ಫರಸಿ ಸಂದಿಯ ಕರಕಿ ಒಂದು, ಪಕ್ಕದ ಸೈಟಿನ ಕಾಂಗ್ರೆಸ್ ಇನ್ನೊಂದು. ಮೊದಲನೆಯದು ಮಾತ್ರ ಇದ್ದಿದ್ದರೆ ನಾನೇ ಬಾಗಿದ ಪೈಪಿನದು ತಗೊಳ್ಳಿ ಅಂತಿದ್ದೆ. ಅದರ ಹೆಡ್ ಕಾಲಿನ ಹತ್ತಿರವೇ ಇರುತ್ತದೆ, ಕೈಗೆ ಚೆನ್ನಾಗಿ ಒಗ್ಗುತ್ತದೆ. ಕಟ್ಟೆಯ ಅಂಚು, ಮೆಟ್ಟಿಲ ಮಗ್ಗುಲು, ಕುಂಡಗಳ ನಡುವೆ ಅದರಷ್ಟು ಸಲೀಸಾಗಿ ನೇರ ಪೈಪು ತಿರುಗೋದಿಲ್ಲ. ನಿಮ್ಮ ಎತ್ತರಕ್ಕೂ ಅದು ಸರಿಹೊಂದುತ್ತದೆ.

ಆದರೆ ಮನೆಯವರ ಕೈಗೆ ಅದನ್ನ ಕೊಟ್ಟರೆ ಹೆಡ್ ನೆಲಕ್ಕೆ ಮುಟ್ಟಿಸೋಕೆ ಅವರು ಬಗ್ಗಲೇಬೇಕು. ಬಾಗಿದ ಪೈಪು ಗಿಡ್ಡ. 5 ಅಡಿ 10 ಇಂಚಿನವರು ಅರ್ಧ ಗಂಟೆ ಹಾಗೆ ಬಗ್ಗಿ ಓಡಿಸಿದರೆ ಮರುದಿನ ಸೊಂಟ ಹಿಡಿಯುತ್ತದೆ. ನೇರ ಪೈಪಿನದು ಸುಮಾರು ಒಂದೂವರೆ ಮೀಟರ್ ಉದ್ದ. ಅದನ್ನ ಎತ್ತರದವರು ನೆಟ್ಟಗೆ ನಿಂತು ಓಡಿಸಬಹುದು. ಗಿಡ್ಡ ಇರುವವರು ಹ್ಯಾಂಡಲ್ ಕ್ಲ್ಯಾಂಪ್ ಸಡಿಲಿಸಿ ಹಿಂದೆ ಮುಂದೆ ಸರಿಸಿ, ಬೆಲ್ಟಿನ ಹುಕ್ ಸರಿಮಾಡಿ ತಮಗೆ ಹೊಂದಿಸಿಕೊಳ್ಳಬಹುದು. ಉದ್ದದ್ದನ್ನ ಗಿಡ್ಡ ಇರುವವರು ಹೊಂದಿಸಿಕೊಳ್ಳೋದು ಸುಲಭ. ಗಿಡ್ಡದ್ದನ್ನ ಎತ್ತರದವರು ಏನು ಮಾಡಿದರೂ ಉದ್ದ ಮಾಡೋಕೆ ಆಗಲ್ಲ. ಒಂದೇ ಮಷೀನನ್ನ ಇಬ್ಬರು ಓಡಿಸುವ ಮನೆಗೆ ಇದು ದೊಡ್ಡ ವಿಚಾರ.

ಇನ್ನೊಂದು ಅನುಕೂಲ ನಿಮ್ಮ ದಾಳಿಂಬೆ, ಮಲ್ಲಿಗೆಯ ಟೊಂಗೆಗಳ ಕೆಳಗೆ ಗೊತ್ತಾಗುತ್ತದೆ. ದಾಳಿಂಬೆಯ ಟೊಂಗೆ ನೆಲದ ತನಕ ಇಳಿಬಿದ್ದು, ಮೇಲೆ ಮುಳ್ಳೂ ಇರುತ್ತದೆ. ಅದರ ಕೆಳಗಿನ ಹುಲ್ಲಿಗೆ ನೇರ ಪೈಪನ್ನ ಸುಮ್ನೆ ಒಳಗೆ ಚಾಚಿದರೆ ಆಯ್ತು. ಬಾಗಿದ್ದು ಟೊಂಗೆಗೆ ಸಿಕ್ಕಿಕೊಳ್ಳುತ್ತದೆ, ನೀವೂ ಟೊಂಗೆಯೊಳಗೆ ಮುಖ ಹಾಕಬೇಕಾಗುತ್ತದೆ.

52 ಸಿಸಿ ಯಾಕೆ ಬೇಡ ಅಂದೆ? ಅದು ಹೊಲದ ಬದು, ತೋಟದ ಸಾಲು ಅಂತ ದಿನವಿಡೀ ಕೆಲಸ ಮಾಡುವವರ ಮಷೀನು. ಪೆಟ್ರೋಲ್, ಹೆಡ್ ಎಲ್ಲ ಸೇರಿ ಎಂಟು ಕಿಲೋ ಹತ್ತಿರ ಹೋಗುತ್ತದೆ, ಕೆಲವು ಅದನ್ನೂ ದಾಟುತ್ತವೆ. 25 ಸಿಸಿಯ ನೇರ ಪೈಪಿನದು ಐದೂವರೆ-ಆರು ಕಿಲೋ ಆಸುಪಾಸಿನಲ್ಲಿರುತ್ತದೆ. ಎರಡೂವರೆ ಕಿಲೋ ಅಂದರೆ ಅಂಗಡಿಯಲ್ಲಿ ಎತ್ತಿ ನೋಡುವಾಗ ಏನೂ ಅನಿಸೋದಿಲ್ಲ, ಇಪ್ಪತ್ತನೇ ನಿಮಿಷಕ್ಕೆ ಗೊತ್ತಾಗುತ್ತದೆ. ಕೈ ಸೋತಾಗಲೇ ಹೆಡ್ ಗೋಡೆಗೆ, ಕಲ್ಲಿಗೆ, ಕಾಲಿನ ಕಡೆಗೆ ಹೋಗೋದು. ಕಾಂಗ್ರೆಸ್ ಕತ್ತರಿಸೋಕೆ 25 ಸಿಸಿ ಬಲ ಧಾರಾಳ ಸಾಕು.

ಫೋರ್ ಸ್ಟ್ರೋಕ್ ಅಂದದ್ದಕ್ಕೂ ಕಾರಣ ಇದೆ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. ಕೆಲವು ಕಂಪನಿ 25:1 ಹೇಳುತ್ತವೆ, ಅಂದರೆ ಲೀಟರಿಗೆ 40 ಮಿ.ಲೀ. ಕೆಲವು 50:1, ಅಂದರೆ ಲೀಟರಿಗೆ 20 ಮಿ.ಲೀ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸವೆದು ಜಾಮ್ ಆಗುತ್ತದೆ. ಬೆಳಗಾವಿಯಲ್ಲಿ ನನ್ನ ಹತ್ತಿರ ರಿಪೇರಿಗೆ ಬರುವ ಮನೆ ಬಳಕೆಯ ಟೂ ಸ್ಟ್ರೋಕ್ ಮಷೀನುಗಳಲ್ಲಿ ಇದನ್ನ ಬಹಳ ನೋಡುತ್ತೇನೆ. ಸಿಲಿಂಡರ್ ಬಿಚ್ಚಿದರೆ ಪಿಸ್ಟನ್ ಮಗ್ಗುಲಿಗೆ ಉದ್ದುದ್ದ ಗೀರು, ಉಗುರು ಆಡಿಸಿದರೆ ತಡೆಯುವಷ್ಟು ಆಳ. ಯಾರೋ ಕೆಲಸದವರು, ಇಲ್ಲಾ ಮನೆ ಹುಡುಗರು, ಬೈಕಿಗೆ ಹಾಕಿದ ಹಾಗೆ ಹಾಕಿಬಿಟ್ಟಿರುತ್ತಾರೆ. ಫೋರ್ ಸ್ಟ್ರೋಕಿನಲ್ಲಿ ಈ ತೊಂದರೆ ಇಲ್ಲ. ಆಯಿಲ್ ಬೇರೆ ಜಾಗದಲ್ಲಿ, 25 ಸಿಸಿ ಎಂಜಿನ್ನಿಗೆ 80 ಮಿ.ಲೀ. ಆಸುಪಾಸು. ಹೊಸ ಮಷೀನಿಗೆ ಮೊದಲ 10 ಗಂಟೆ ಓಡಿದ ಮೇಲೆ ಒಮ್ಮೆ ಬದಲಿಸಿ, ಆಮೇಲೆ ಪುಸ್ತಕದಲ್ಲಿ ಹೇಳಿದ ಹಾಗೆ. ಹೊಗೆ ಕಡಿಮೆ, ಸದ್ದೂ ಸ್ವಲ್ಪ ಕಡಿಮೆ. ಮನೆಗಳು ಒತ್ತೊತ್ತಾಗಿರುವ ಕಡೆ ಅದೂ ಬೇಕಲ್ವಾ.

ಬ್ಯಾಟರಿ ಮಷೀನ್ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ತೋರಿಸದೆ ಬಿಡೋದಿಲ್ಲ. ಮನೆ ಬಳಕೆಯ ಸಣ್ಣ ಬ್ಯಾಟರಿ, ಕರೆಂಟಿನ ಮಷೀನುಗಳಲ್ಲಿ ಹೆಚ್ಚಿನವಕ್ಕೆ ಮೋಟರ್ ಕೆಳಗೆ ಹೆಡ್ಡಿನಲ್ಲೇ ಇರುತ್ತದೆ. ಪೈಪಿನೊಳಗೆ ಬರೀ ವೈರು. ಕೇಬಲ್ಲೂ ಇಲ್ಲ, ರಾಡೂ ಇಲ್ಲ. ಹಾಗಾಗಿ ಅಲ್ಲಿ 'ನೇರ ಪೈಪು ಗಟ್ಟಿ' ಅನ್ನುವ ಮಾತು ನಡೆಯೋದಿಲ್ಲ. ಪೈಪಿನ ಆಕಾರ ಅಲ್ಲಿ ಬರೀ ಹಿಡಿಯೋ ಅನುಕೂಲಕ್ಕೆ. ಹಿತ್ತಲಿನ ಕರಕಿಗೆ ಅವು ಚೆನ್ನಾಗಿವೆ, ಎದೆಮಟ್ಟದ ಕಾಂಗ್ರೆಸ್ಸಿಗೆ ಸಾಲೋದಿಲ್ಲ. ಬ್ಯಾಟರಿಯದೇ ತಗೊಂಡರೆ ಬೇಸಿಗೆಯಲ್ಲಿ ಅದನ್ನ ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಬಾಗಲಕೋಟೆ, ವಿಜಯಪುರದ ಏಪ್ರಿಲ್-ಮೇ ಬಿಸಿಲು ನೆರಳಲ್ಲೇ 40 ಡಿಗ್ರಿ ಮುಟ್ಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಲಿಥಿಯಂ ಬ್ಯಾಟರಿ ಆ ಕಾವಿಗೆ ಬೇಗ ಸೊರಗುತ್ತದೆ. ಅರ್ಧ ಚಾರ್ಜಿನಲ್ಲಿ ಮನೆಯೊಳಗೆ ತಂಪಾದ ಕಡೆ ಇಡಿ.

ಅಂಗಡಿಯಲ್ಲಿ ಮಷೀನ್ ನೋಡುವಾಗ ಸುಮ್ನೆ ಕೈಯಲ್ಲಿ ಎತ್ತಿ 'ಹಗುರ ಇದೆ' ಅನ್ನಬೇಡಿ. ಬೆಲ್ಟ್ ಹೆಗಲಿಗೆ ಹಾಕಿಕೊಳ್ಳಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಇನ್ನೂ ಒಳ್ಳೆಯದು. ಹುಕ್ಕಿಗೆ ಮಷೀನ್ ಸಿಗಿಸಿ ಎರಡೂ ಕೈ ಬಿಡಿ. ದಾರದ ಹೆಡ್ ಆದರೆ ಅದು ತಾನಾಗೇ ನೆಲಕ್ಕೆ ಮೆಲ್ಲಗೆ ತಾಕಿ ನಿಲ್ಲಬೇಕು. ಮೂತಿ ದಪ್ಪನೆ ನೆಲಕ್ಕೆ ಬಿದ್ದರೆ ಹುಕ್ಕನ್ನ ಹೆಡ್ಡಿನ ಕಡೆ ಸರಿಸಿ. ಮೇಲೆದ್ದರೆ ಎಂಜಿನ್ ಕಡೆ ಸರಿಸಿ. ಹೀಗೆ ತೂಗಿಸಿಕೊಂಡ ಮೇಲೆ ಭಾರ ಹೊರೋದು ಹೆಗಲು, ಕೈಗೆ ತಿರುಗಿಸುವ ಕೆಲಸ ಮಾತ್ರ ಉಳಿಯುತ್ತದೆ. ಹುಕ್ಕು ಸರಿಯದ ಮಷೀನ್ ಇದ್ದರೆ ಬಿಟ್ಟುಬನ್ನಿ. ನಿಮ್ಮ ಎತ್ತರಕ್ಕೂ ಮನೆಯವರ ಎತ್ತರಕ್ಕೂ ಹುಕ್ಕಿನ ಜಾಗ, ಬೆಲ್ಟಿನ ಉದ್ದ ಬೇರೆ ಬೇರೆ. ಇಬ್ಬರದೂ ಜಾಗ ಗೊತ್ತುಮಾಡಿ ಪೈಪಿನ ಮೇಲೆ ಎರಡು ಬಣ್ಣದ ಟೇಪ್ ಸುತ್ತಿಬಿಡಿ.

ಜೊತೆಗೆ ಎಂಜಿನ್ ಬಂದ್ ಇದ್ದಾಗ ಹೆಡ್ಡನ್ನ ಕೈಯಿಂದ ಹಿಡಿದು ಅಲುಗಾಡಿಸಿ ನೋಡಿ. ಸ್ವಲ್ಪ ಆಟ ಇರಬಹುದು, ಲೊಟಲೊಟ ಅನ್ನಬಾರದು. ಹಾಗೆ ಅಂದರೆ ಬೇರಿಂಗ್ ಸರಿಯಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತವೆ ಅಂತಲೂ ಕೇಳಿ. ನೇರ ಪೈಪಿನ ಮಷೀನುಗಳ ಪೈಪು ಹೆಚ್ಚಾಗಿ 26 ಅಥವಾ 28 ಮಿ.ಮೀ. ದಪ್ಪ, ರಾಡಿನ ತುದಿಯಲ್ಲಿ ಏಳು ಅಥವಾ ಒಂಬತ್ತು ಹಲ್ಲು. ಈ ಅಳತೆಯ ಗೇರ್ ಬಾಕ್ಸ್ ಬೆಳಗಾವಿ, ಹುಬ್ಬಳ್ಳಿಯಂಥ ಊರಿನ ಕೃಷಿ ಯಂತ್ರದ ಅಂಗಡಿಗಳಲ್ಲಿ ಸಿಗುತ್ತದೆ. ಬದಲಿಸುವಾಗ ಹಳೇದನ್ನ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಗಿದ ಪೈಪಿನ ಕೇಬಲ್ಲಿಗೆ ಉದ್ದ, ತುದಿಯ ಆಕಾರ ಎಲ್ಲ ಆಯಾ ಕಂಪನಿಯದೇ ಬೇಕು. ತರಿಸಿಕೊಡ್ತೇವೆ ಅಂತಾರೆ, ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ ಮಾತು. ಹೆಡ್ಡಿನ ಹಿಂದೆ ಪ್ಲಾಸ್ಟಿಕ್ಕಿನ ಗಾರ್ಡ್ ಇರುತ್ತದಲ್ಲ, ಅದನ್ನ ಯಾವತ್ತೂ ಬಿಚ್ಚಬೇಡಿ, ಬಿಚ್ಚಲು ಯಾರಿಗೂ ಬಿಡಬೇಡಿ. ನಮ್ಮ ಕಡೆ ಹೊಲದಲ್ಲಿ, ರಸ್ತೆ ಬದಿಯಲ್ಲಿ ಓಡುವ ಮಷೀನುಗಳನ್ನ ನೋಡಿ, ಎಷ್ಟೋ ಮಷೀನಿಗೆ ಗಾರ್ಡೇ ಇರೋದಿಲ್ಲ. ಅದು ಅಡ್ಡ ಬರುತ್ತದೆ, ದಾರ ಉದ್ದ ಬಿಟ್ಟರೆ ಬೇಗ ಕೆಲಸ ಆಗುತ್ತದೆ ಅಂತ ಕಿತ್ತು ಹಾಕಿರುತ್ತಾರೆ. ಗಾರ್ಡಿನ ಅಂಚಿಗೆ ಒಂದು ಪುಟ್ಟ ಬ್ಲೇಡ್ ಇರುತ್ತದೆ. ದಾರ ಎಷ್ಟು ಉದ್ದ ಇರಬೇಕೋ ಅಷ್ಟಕ್ಕೆ ಕತ್ತರಿಸೋದು ಅದರ ಕೆಲಸ. ಅದಿಲ್ಲದೆ ದಾರ ಉದ್ದವಾದರೆ ಎಂಜಿನ್ ಪೂರ್ತಿ ವೇಗಕ್ಕೆ ಏರೋದೇ ಇಲ್ಲ, ಕ್ಲಚ್ ಜಾರಿ ಸುಡುತ್ತದೆ. ಅದು ಮಷೀನಿನ ಹಾನಿ, ಹೋಗಲಿ ಅನ್ನಬಹುದು. ಗಾರ್ಡ್ ಇಲ್ಲದಿದ್ದರೆ ಖಡಿ ಬಂದು ಸೀದಾ ಮೊಣಕಾಲಿಗೆ, ಕಣ್ಣಿಗೆ ಬಡಿಯುತ್ತದೆ. ಮನೆ ಕಟ್ಟಿ ಉಳಿದ ಖಡಿ, ಇಟ್ಟಂಗಿ ಚೂರು, ಗರಸು ನಿಮ್ಮ ಪಕ್ಕದ ಸೈಟಿನಲ್ಲಿ ಇಲ್ಲದೆ ಇರೋದಿಲ್ಲ.

ಅದೇ ಹಾಗೆ, ನೈಲಾನ್ ದಾರ ಬೇಗ ಸವೆಯುತ್ತದೆ ಅಂತ ಕೆಲವರು ಬೈಂಡಿಂಗ್ ವೈರು, ಕ್ಲಚ್ ಕೇಬಲ್ ತುಂಡು ಹಾಕುತ್ತಾರೆ. ದಯವಿಟ್ಟು ಅದನ್ನ ಮಾಡಬೇಡಿ. ಹೆಡ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ನೈಲಾನ್ ತುಂಡಾದರೆ ಹಗುರ ಇರುವುದರಿಂದ ಅದರ ವೇಗ ಬೇಗ ಇಳಿಯುತ್ತದೆ. ತಂತಿಯ ತುಂಡು ಬಟ್ಟೆ ದಾಟಿ ಮೈಯೊಳಗೆ ಹೋಗಬಲ್ಲದು. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಮಷೀನಿನ ಪುಸ್ತಕಗಳಲ್ಲಿ ಬರೆದಿರುತ್ತದೆ. ನವನಗರದ ಸೈಟುಗಳಲ್ಲಿ 15 ಮೀಟರ್ ಅಂದರೆ ರಸ್ತೆ ದಾಟಿ ಎದುರು ಮನೆಯ ಅಂಗಳ. ಹಾಗಾಗಿ ಮಕ್ಕಳು ಶಾಲೆಗೆ ಹೋದ ಮೇಲೆ ಓಡಿಸಿ. ಪಕ್ಕದಲ್ಲಿ ಕಾರು ನಿಂತಿದ್ದರೆ ಸರಿಸಲು ಹೇಳಿ. ಯಾರಾದರೂ ನಡೆದು ಬಂದರೆ ಆಕ್ಸಿಲರೇಟರ್ ಬಿಟ್ಟು ಹೆಡ್ ನಿಲ್ಲುವ ತನಕ ಕಾಯಿರಿ. ಕಣ್ಣಿಗೆ ಗಾಗಲ್, ಕಿವಿಗೆ ಇಯರ್ ಮಫ್, ಕಾಲಿಗೆ ಶೂ, ಉದ್ದ ಪ್ಯಾಂಟು. ಸೀರೆ, ದುಪಟ್ಟಾ, ಚಪ್ಪಲಿಯಲ್ಲಿ ಇದನ್ನ ಮುಟ್ಟಲೂ ಬೇಡಿ.

ದಾರದ ಬಗ್ಗೆ ಇನ್ನೆರಡು ಮಾತು. 25 ಸಿಸಿಗೆ ಹೆಚ್ಚಾಗಿ 2.4 ಮಿ.ಮೀ. ದಾರ ಸರಿ. 3 ಮಿ.ಮೀ.ದು ಗಟ್ಟಿ ಅಂತ ಹಾಕಿದರೆ ಸಣ್ಣ ಎಂಜಿನ್ ತಿಣುಕುತ್ತದೆ. ನಮ್ಮ ಒಣ ಹವೆಗೆ ನೈಲಾನಿನ ತೇವ ಆರಿ ಅದು ಪೆಡಸಾಗುತ್ತದೆ, ಫರಸಿ ತಾಕಿದರೆ ಟಣ್ಣನೆ ಮುರಿಯುತ್ತದೆ. ಓಡಿಸುವ ಹಿಂದಿನ ರಾತ್ರಿ ದಾರವನ್ನ ಬಕೆಟ್ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿಕೊಳ್ಳುತ್ತದೆ, ಬೆಳಿಗ್ಗೆ ಬಾಗಿಸಿ ನೋಡಿದರೆ ಮೆದುವಾಗಿರುತ್ತದೆ. ಇದರಿಂದ ದಾರದ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ. ಫರಸಿ ಸಂದಿಯಲ್ಲಿ ದಾರದ ತುದಿ ಮಾತ್ರ ಹುಲ್ಲಿಗೆ ತಾಕುವ ಹಾಗೆ ಹಿಡಿಯಿರಿ. ಕತ್ತರಿಸೋದು ತುದಿ, ನಡುವಿನ ಭಾಗ ಅಲ್ಲ. ಒತ್ತಿ ಹಿಡಿದರೆ ಕಲ್ಲಿಗೆ ಉಜ್ಜಿ ದಾರ ಸವೆಯುತ್ತದೆ, ಹುಲ್ಲು ಹಾಗೇ ಇರುತ್ತದೆ.

ಹೆಡ್ಡಿನೊಳಗೆ ದಾರ ಸುತ್ತಿಡುವ ಸ್ಪೂಲ್ ಇರುತ್ತದೆ, ಅದಕ್ಕೆ ದಾರ ಸುತ್ತುವಾಗ ಅದರ ಮೇಲಿನ ಬಾಣದ ಗುರುತು ನೋಡಿ ಸುತ್ತಿ. ಗೇರ್ ಇರುವ ಕಾರಣಕ್ಕೆ ನೇರ ಪೈಪಿನವು ಸಾಮಾನ್ಯವಾಗಿ, ಮೇಲಿಂದ ನೋಡಿದರೆ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತವೆ. ಬಾಗಿದವು ಮುಳ್ಳಿನ ದಿಕ್ಕಿಗೇ ತಿರುಗುತ್ತವೆ. ಒಂದರ ಹೆಡ್ ಇನ್ನೊಂದಕ್ಕೆ ಹಾಕಿದರೆ ದಾರ ಹೊರಗೆ ಬರೋದಿಲ್ಲ, ಇಲ್ಲಾ ಹೆಡ್ಡೇ ಸಡಿಲಾಗುತ್ತದೆ. ನೇರ ಪೈಪಿನದನ್ನ ಬಲಗಡೆಯಿಂದ ಎಡಗಡೆಗೆ ಬೀಸಬೇಕು. ಆಗ ಕತ್ತರಿಸಿದ ಕಸ ಆಗಲೇ ಸ್ವಚ್ಛವಾದ ಜಾಗದ ಮೇಲೆ ಬೀಳುತ್ತದೆ, ಮುಂದೇನಿದೆ ಅಂತ ಕಾಣುತ್ತದೆ. ಹೆಡ್ ಬಿಚ್ಚುವಾಗಲೂ ನೆನಪಿಡಿ, ಇವುಗಳಲ್ಲಿ ಹೆಚ್ಚಿನವಕ್ಕೆ ಉಲ್ಟಾ ಥ್ರೆಡ್. ಗೇರ್ ಬಾಕ್ಸಿನ ತೂತಿಗೆ ಅಲೆನ್ ಕೀ ತೂರಿಸಿ ಅಲುಗದ ಹಾಗೆ ಮಾಡಿ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿ ಥ್ರೆಡ್ ಕೆಡಿಸಿದವರು ಬಹಳ ಜನ.

ಗಿಡಗಳ ಬುಡದ ಹತ್ತಿರ ಮಾತ್ರ ಯಾವ ಪೈಪಿನ ಮಷೀನೂ ಬೇಡ. ಎಳೆ ಕರಿಬೇವಿನ ತೊಗಟೆ ಕಾಗದದಷ್ಟು ತೆಳು. ದಾರ ಒಂದೆರಡು ಸಲ ತಾಕಿದರೆ ಸಾಕು, ಬುಡದ ಸುತ್ತ ಬಳೆ ತೊಡಿಸಿದ ಹಾಗೆ ತೊಗಟೆ ಎದ್ದು ಒಳಗಿನ ಬಿಳಿ ಕಾಣುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ಆ ತೊಗಟೆಯಲ್ಲೇ. ಸುತ್ತಲೂ ಹರಿದರೆ ಬೇರು ಉಪವಾಸ ಬಿದ್ದು, ಕೆಲವು ವಾರ ಹಸಿರಾಗೇ ಕಂಡು, ಆಮೇಲೆ ಗಿಡ ಒಣಗುತ್ತದೆ. ಮನೆಯವರು ನೀರು ಸಾಲಲಿಲ್ಲ ಅಂದುಕೊಳ್ಳುತ್ತಾರೆ. ಒಂದು ಗೇಣು ಉದ್ದದ ಪಿವಿಸಿ ಪೈಪನ್ನ ಉದ್ದಕ್ಕೆ ಸೀಳಿ ಪ್ರತಿ ಗಿಡದ ಬುಡಕ್ಕೆ ತೊಡಿಸಿ. ಬುಡದ ಕರಕಿಯನ್ನ ಕುರಪಿಯಿಂದಲೇ ತೆಗೆಯಿರಿ. ಡ್ರಿಪ್ ಪೈಪು ಹಾಕಿಸಿದ್ದರೆ ಮೊದಲು ಅದನ್ನ ಎತ್ತಿ ಪಕ್ಕಕ್ಕಿಡಿ, ಹುಲ್ಲಿನೊಳಗೆ ಕಾಣದೆ ಕತ್ತರಿಸಿ ಹೋಗುತ್ತದೆ.

ಇನ್ನು ಕಾಂಗ್ರೆಸ್. ಅದು ಹೂ ಬಿಡುವ ಮುಂಚೆ, ಮೊಣಕಾಲು ಮಟ್ಟ ಇರುವಾಗಲೇ ಕತ್ತರಿಸಿ. ಎದೆಮಟ್ಟ ಬಂದು ಬಿಳಿ ಹೂ ತುಂಬಿದ ಮೇಲೆ ಮಷೀನ್ ಹಾಕಿದರೆ ಪರಾಗ, ರಸ, ಬೀಜ ಎಲ್ಲ ಪುಡಿಪುಡಿಯಾಗಿ ನಿಮ್ಮ ಮೈಮೇಲೆ, ಪಕ್ಕದ ಮನೆ ಅಂಗಳಕ್ಕೆ ಹಾರುತ್ತದೆ. ಅದರ ರಸ ಕೆಲವರಿಗೆ ಚರ್ಮಕ್ಕೆ ತುರಿಕೆ, ಗಂದೆ ತರುತ್ತದೆ. ಪರಾಗಕ್ಕೆ ಸೀನು, ದಮ್ಮು ಶುರುವಾಗುತ್ತದೆ. ಮನೆಯಲ್ಲಿ ಯಾರಿಗಾದರೂ ದಮ್ಮಿದ್ದರೆ ಆ ದಿನ ಕಿಟಕಿ ಮುಚ್ಚಿಡಿ. ನೀವು ತುಂಬು ತೋಳಿನ ಅಂಗಿ, ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಮುಗಿದ ತಕ್ಷಣ ಸ್ನಾನ ಮಾಡಿ ಬಟ್ಟೆ ಬೇರೆ ಒಗೆಯಿರಿ. ಕತ್ತರಿಸಿದರೆ ಕಾಂಗ್ರೆಸ್ ಸಾಯೋದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ ಅನ್ನೋದೂ ತಿಳಿದಿರಲಿ. ಮಳೆ ಬಿದ್ದು ಎರಿ ಮಣ್ಣು ಮೆತ್ತಗಿದ್ದಾಗ ಬೇರುಸಹಿತ ಕೀಳೋದೇ ಖಾಯಂ ದಾರಿ. ಮನೆ ಕಡೆಯ ಒಂದು ಸಾಲನ್ನಾದರೂ ಹಾಗೆ ಕಿತ್ತರೆ ಮುಂದಿನ ವರ್ಷ ಎಷ್ಟೋ ಕಡಿಮೆಯಾಗುತ್ತದೆ.

ಎಲೆಗಳ ಮೇಲೆ ಕೆನೆ ಬಣ್ಣದ ಬೆನ್ನಿಗೆ ಕಂದು ಗೆರೆ ಇರುವ ಪುಟ್ಟ ದುಂಬಿ ಕಂಡರೆ ಆ ಜಾಗ ಹಾಗೇ ಬಿಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನ ಕಡೆ ಬಿಟ್ಟ ದುಂಬಿ ಅದು, ಕಾಂಗ್ರೆಸ್ ಎಲೆಯನ್ನೇ ತಿಂದು ಬದುಕುತ್ತದೆ. ನಿಮ್ಮ ಕೆಲಸ ಅದೇ ಮಾಡುತ್ತಿರುತ್ತದೆ.

ಬಾಗಲಕೋಟೆ ಕಡೆ ಮಷೀನಿಗೆ ಕೆಲಸ ಇರೋದು ಜೂನಿನಿಂದ ಅಕ್ಟೋಬರ್-ನವೆಂಬರ್ ತನಕ. ಬೆಳಗಾವಿಯಲ್ಲಿ ಮಳೆ ಜಾಸ್ತಿ, ಹುಲ್ಲೂ ಜಾಸ್ತಿ. ನಿಮ್ಮಲ್ಲಿ ಆರು ತಿಂಗಳ ಮೇಲೆ ಅದು ಮೂಲೆಯಲ್ಲೇ ನಿಂತಿರುತ್ತದೆ. ಮಷೀನುಗಳು ಕೆಡೋದು ಆಗಲೇ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ತನಕ ಎಥೆನಾಲ್ ಇರುತ್ತದೆ. ಅದರಲ್ಲಿ ಒಂದಿಷ್ಟು ನಿಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದಲೇ ಬಂದಿರಬಹುದು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಪೆಟ್ರೋಲ್ ಕೆಟ್ಟು, ಸಣ್ಣ ಪೈಪುಗಳು ಪೆಡಸಾಗಿ, ಕಾರ್ಬೋರೇಟರಿನಲ್ಲಿ ಅಂಟು ಕಟ್ಟುತ್ತದೆ. ಕೊನೆಯ ಸಲ ಓಡಿಸಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬೋರೇಟರಿಗೆ ಪೆಟ್ರೋಲ್ ಎಳೆಯುವ ಪ್ರೈಮರ್ ಗುಂಡಿಯನ್ನ ಹತ್ತಾರು ಸಲ ಒತ್ತಿ ಇದ್ದಬದ್ದದ್ದನ್ನೂ ಹೊರಗೆ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ ತಾನಾಗೇ ಬಂದ್ ಆಗುವ ತನಕ ಓಡಲು ಬಿಡಿ. ಗೇರ್ ಬಾಕ್ಸಿನ ಮಗ್ಗುಲಿಗೆ ಒಂದು ಸಣ್ಣ ಬೋಲ್ಟ್ ಇರುತ್ತದೆ. ಅದನ್ನ ಬಿಚ್ಚಿ ಲಿಥಿಯಂ ಗ್ರೀಸ್ ಸ್ವಲ್ಪ ತುಂಬಿಡಿ. ಕಂಠಮಟ್ಟ ತುಂಬಬೇಡಿ, ಬಿಸಿಯಾಗಿ ಸೀಲ್ ಒಡೆಯುತ್ತದೆ. ನೇರ ಪೈಪಿನ ಮಷೀನಿಗೆ ಇರುವ ಒಂದೇ ಹೆಚ್ಚಿನ ಆರೈಕೆ ಅಂದರೆ ಈ ಗ್ರೀಸು. ಇದನ್ನ ಮರೆತರೆ ಗೇರಿನ ಹಲ್ಲು ಸವೆದು ಕರಕರ ಸದ್ದು ಬರುತ್ತದೆ.

ಕೊನೆಗೆ ಜಾಲಿ. ಪಕ್ಕದ ಸೈಟಿನಲ್ಲಿ ತಾನಾಗೇ ಎದ್ದದ್ದು ಬಳ್ಳಾರಿ ಜಾಲಿ ಇರಬೇಕು. ನೈಲಾನ್ ದಾರ ಅದಕ್ಕೆ ಏನೂ ಮಾಡೋದಿಲ್ಲ. ನೇರ ಪೈಪಿನ ಎಷ್ಟೋ ಮಷೀನಿಗೆ ಬ್ಲೇಡ್ ಹಾಕಬಹುದು, ಬಾಗಿದ್ದಕ್ಕೆ ಹಾಕಲೇಬಾರದು, ಅದು ನಿಜ. ಹಲ್ಲಿನ ಬ್ಲೇಡ್ ಹಾಕಿ ಹೆಬ್ಬೆರಳು ದಪ್ಪದ ಜಾಲಿ ಕಡಿಯುವವರಿದ್ದಾರೆ. ಆದರೂ ನಿಮಗೆ ಬೇಡ ಅಂತೇನೆ. ಬ್ಲೇಡಿಗೆ ಬೇರೆ ಗಾರ್ಡ್ ಬೇಕು. ರಿಂಗ್ ಹ್ಯಾಂಡಲ್ ಇದ್ದರೆ ಕಾಲು ಹತ್ತಿರ ಬರದ ಹಾಗೆ ತಡೆಕಂಬಿಯೂ ಬೇಕು. ಗಟ್ಟಿ ಕಾಂಡಕ್ಕೆ ಬ್ಲೇಡ್ ತಪ್ಪು ಕಡೆಯಿಂದ ತಾಕಿದರೆ ಇಡೀ ಮಷೀನ್ ಪಕ್ಕಕ್ಕೆ ಜಾಡಿಸಿ ಬರುತ್ತದೆ. ಇಷ್ಟೆಲ್ಲ ಮಾಡಿ ನೆಲದ ಮೇಲೆ ಕಡಿದರೂ ಅದು ಬುಡದಿಂದ ನಾಲ್ಕು ಕೊಂಬೆಯಾಗಿ ಮತ್ತೆ ಏಳುತ್ತದೆ. ಎರಡು-ಮೂರೇ ಗಿಡ ಅಂದಿರಲ್ಲ, ಒಂದು ಒಳ್ಳೆ ಮಳೆ ಬಿದ್ದ ಮರುದಿನ ಗುದ್ದಲಿ ಹಿಡಿದ ಒಬ್ಬ ಆಳನ್ನ ಕರೆಸಿ. ನೆಲಮಟ್ಟದಿಂದ ಒಂದು ಗೇಣು ಕೆಳಗೆ ಬೇರು ಕಡಿದು ಬೊಡ್ಡೆ ಎತ್ತಿಸಿ, ತುಂಡುಗಳನ್ನ ಮೂಲೆಗೆ ಒಟ್ಟಿಸಿ. ಮುಳ್ಳು ಚಪ್ಪಲಿಯನ್ನೂ ತೂರಿ ಬರುತ್ತದೆ, ಆರಿಸುವವರ ಕಾಲಿಗೆ ಶೂ ಇರಲಿ. ಮಷೀನನ್ನ ಅಲ್ಲಿಗೆ ಒಯ್ಯೋದು ಅದಾದ ಮೇಲೆ.